ವಾಸ್ತುಶಿಲ್ಪಿಯ ಹೊಣೆ ಮತ್ತು ವೃತ್ತಿ ನಷ್ಟಭರ್ತಿ ವಿಮೆ: ಕಣಕಟ್ಟೆಯ ಒಂದು ಅಟ್ಟದ ನಿದರ್ಶನ

೧. ಪೀಠಿಕೆ

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಪ್ರತಿಷ್ಠೆಗೆ ಸಿದ್ಧವಾಗಿದ್ದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ಒಬ್ಬ ತರುಣ ಶಿಲ್ಪಿ ಹೇಳಿದನು. ದೋಷವನ್ನು ತೋರಿಸಿಕೊಟ್ಟರೆ ತನ್ನ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಜಕಣಾಚಾರಿ ಪಣ ತೊಟ್ಟನು. ವಿಗ್ರಹಕ್ಕೆ ಗಂಧವನ್ನು ಬಳಿಯಲು ಮೈಯೆಲ್ಲ ಒಣಗಿ ಹೊಕ್ಕುಳ ಬಳಿ ಮಾತ್ರ ತೇವ ಉಳಿಯಿತು; ಅಲ್ಲಿ ಉಳಿಯಿಟ್ಟು ನೋಡಲು ನೀರೂ ಮರಳೂ ಕಪ್ಪೆಯೂ ಹೊರಬಂದವು; ಆಚಾರಿ ಆಡಿದಂತೆ ಕೈಯನ್ನು ಕಡಿದುಕೊಂಡನು. ಜಕಣಾಚಾರಿಯ ಐತಿಹಾಸಿಕತೆಗೆ ಶಾಸನಾಧಾರವಿಲ್ಲವೆಂದು ವಿದ್ವಾಂಸರು ಹೇಳುತ್ತಾರೆ. ಆದರೂ ಈ ಕಥೆಯಲ್ಲಿ ಜನತೆಯ ಒಂದು ನ್ಯಾಯಭಾವನೆ ಅಡಗಿದೆ. ಕಟ್ಟಿದವನು ತನ್ನ ಕೃತಿಯ ದೋಷಕ್ಕೆ ಹೊಣೆಗಾರನೆಂಬುದೇ ಆ ಭಾವನೆ.

ಶಾಸನಗಳ ಸಾಕ್ಷ್ಯವೂ ಈ ಭಾವನೆಗೆ ಪೋಷಕವಾಗಿದೆ. ೧೧೧೭ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಕೆಳಗೆ ಹೆಸರನ್ನು ಕೆತ್ತಿದ್ದಾರೆ. ಹದಿಮೂರನೆಯ ಶತಮಾನದ ದೇವಾಲಯಗಳಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಹೆಸರನ್ನು ಕೆತ್ತುವುದು ಕೀರ್ತಿಗಾಗಿಯೇ ಇರಬಹುದು. ಆದರೆ ಕೀರ್ತಿಗೆ ಹೆಸರನ್ನು ಕೊಟ್ಟವನು ಅಪಕೀರ್ತಿಗೂ ಅದನ್ನು ಒಡ್ಡಿದಂತೆಯೇ ಸರಿ.

ಜಕಣಾಚಾರಿಯ ಕಥೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಅಂಶವೊಂದುಂಟು. ಆಚಾರಿ ಕೈಯನ್ನು ಕಡಿದುಕೊಂಡುದರಿಂದ ಶಿಲೆಯ ದೋಷ ಪರಿಹಾರವಾಗಲಿಲ್ಲ; ವಿಗ್ರಹವನ್ನು ಮಾಡಿಸಿದವರಿಗೆ ಬೇರೊಂದು ವಿಗ್ರಹ ದೊರೆಯಲೂ ಇಲ್ಲ. ತಪ್ಪಿಗೆ ಶಿಕ್ಷೆಯಾಯಿತು, ನಷ್ಟ ಭರ್ತಿಯಾಗಲಿಲ್ಲ. ಶಿಕ್ಷೆಗೂ ನಷ್ಟಭರ್ತಿಗೂ ಇರುವ ಈ ಭೇದವೇ ಪ್ರಸ್ತುತ ಲೇಖನದ ವಿಷಯ. ವಾಸ್ತುಶಿಲ್ಪಿಯ ವೃತ್ತಿ ನಷ್ಟಭರ್ತಿ ವಿಮೆಯನ್ನು ಸಾಮಾನ್ಯವಾಗಿ ವಾಸ್ತುಶಿಲ್ಪಿಯ ರಕ್ಷಾಕವಚವೆಂದು ಬಗೆಯುವುದುಂಟು. ಅದನ್ನು ನಷ್ಟಕ್ಕೆ ಒಳಗಾದವರ ಕಡೆಯಿಂದಲೂ ನೋಡಬೇಕೆಂದೂ, ಹಾಗೆ ನೋಡಿದಾಗಲೇ ಅದರ ಗುಣದೋಷಗಳು ಸ್ಪಷ್ಟವಾಗುವುವೆಂದೂ ನಾವು ಭಾವಿಸುತ್ತೇವೆ.

೨. ಒಂದು ಕಲ್ಪಿತ ನಿದರ್ಶನ

ತತ್ತ್ವವನ್ನು ವಿವೇಚಿಸುವ ಮುನ್ನ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕಣಕಟ್ಟೆ ತೆಂಗಿನ ಸೀಮೆಗೆ ಸೇರಿದ ಊರು. ಈ ಸೀಮೆಯಲ್ಲಿ ಉಂಡೆ ಕೊಬ್ಬರಿಯನ್ನು ಮಾಡುವವರು ಸಿಪ್ಪೆ ಸುಲಿಯದ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹರಡಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡುವವರೆಗೆ ತಿಂಗಳುಗಟ್ಟಲೆ ಇಡುತ್ತಾರೆ. ಇಲ್ಲಿಯ ಒಬ್ಬ ಬೆಳೆಗಾರರು ಹಳೆಯ ಮನೆಯನ್ನು ಕೆಡವಿ ಕಾಂಕ್ರೀಟಿನ ಎರಡಂತಸ್ತಿನ ಮನೆಯನ್ನು ಕಟ್ಟಿಸಿದರೆಂದು ಭಾವಿಸೋಣ. ಪಟ್ಟಣದ ವಾಸ್ತುಶಿಲ್ಪಿಯೊಬ್ಬರು ನಕ್ಷೆಯನ್ನು ಮಾಡಿಕೊಟ್ಟರು. ಮೇಲಂತಸ್ತಿನ ದೊಡ್ಡ ಜಾಗಕ್ಕೆ ನಕ್ಷೆಯಲ್ಲಿ ‘ಕೋಣೆ’ ಎಂದಷ್ಟೇ ಬರೆದಿತ್ತು. ಮನೆಯವರು ಅದನ್ನು ಮೊದಲಿನಿಂದಲೂ ‘ಅಟ್ಟ’ವೆಂದೇ ಕರೆಯುತ್ತಿದ್ದರು.

ಭಾರತೀಯ ಮಾನಕ ೮೭೫ರ ೨ನೆಯ ಭಾಗದ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ೨ ಕಿಲೋನ್ಯೂಟನ್, ಎಂದರೆ ಸುಮಾರು ೨೦೦ ಕಿಲೋಗ್ರಾಂ ಭಾರಕ್ಕೆ ಲೆಕ್ಕ ಹಾಕುವುದು ರೂಢಿ. ಉಗ್ರಾಣವಾದರೆ ಇದಕ್ಕಿಂತ ಬಹಳ ಹೆಚ್ಚಿನ ಭಾರವನ್ನು ಹಿಡಿಯಬೇಕು. ೩೦ ಚದರ ಮೀಟರಿನ ಆ ಕೋಣೆಯಲ್ಲಿ ೧೨,೦೦೦ ಕಾಯಿಗಳನ್ನು ತುಂಬಿದರೆಂದೂ, ಕಾಯಿಯೊಂದಕ್ಕೆ ಒಂದು ಕಿಲೋಗ್ರಾಂ ತೂಕವೆಂದೂ ಹಿಡಿದರೆ ಚದರ ಮೀಟರಿಗೆ ೪೦೦ ಕಿಲೋಗ್ರಾಂ ಭಾರ ಬೀಳುತ್ತದೆ. ಲೆಕ್ಕಕ್ಕೆ ಇದು ಇಮ್ಮಡಿ. ನಾಲ್ಕು ವರ್ಷಗಳ ತರುವಾಯ ತಾರಸಿ ಬಾಗಿ, ತೊಲೆಗಳಲ್ಲಿ ಬಿರುಕು ಬಿಟ್ಟು, ಮನೆಯವರು ಹೊರಗೆ ಬರಬೇಕಾಯಿತು. ದುರಸ್ತಿಗೆ ೧೨ ಲಕ್ಷ ರೂಪಾಯಿ ಬೇಕೆಂದು ಅಂದಾಜಾಯಿತು. ವಾಸ್ತುಶಿಲ್ಪಿ ಪಡೆದಿದ್ದ ಸಂಭಾವನೆ ೬೦,೦೦೦ ರೂಪಾಯಿ.

ಈಗ ಪ್ರತಿಯೊಬ್ಬರಿಗೂ ಒಂದೊಂದು ಸಮಾಧಾನವುಂಟು. “ನಮ್ಮ ಸೀಮೆಯಲ್ಲಿ ಮೇಲೆ ಕಾಯಿ ಹಾಕದ ಮನೆ ಯಾವುದು? ಅದನ್ನು ಬಾಯಿಬಿಟ್ಟು ಹೇಳಬೇಕೆ?” ಎನ್ನುತ್ತಾರೆ ಯಜಮಾನರು. “ವಾಸದ ಮನೆಯೆಂದು ಕೇಳಿದಿರಿ, ವಾಸದ ಮನೆಯನ್ನು ಕೊಟ್ಟೆ” ಎನ್ನುತ್ತಾರೆ ವಾಸ್ತುಶಿಲ್ಪಿ. ನಕ್ಷೆಯಲ್ಲಿದ್ದಂತೆ ಕಬ್ಬಿಣ ಕಟ್ಟಿದೆನೆನ್ನುತ್ತಾನೆ ಗುತ್ತಿಗೆದಾರ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮನೆಯವರು ಬೀದಿಯಲ್ಲಿದ್ದಾರೆ.

೩. ಹೊಣೆಯ ಮೂಲಗಳು

ವಾಸ್ತುಶಿಲ್ಪಿಯ ಹೊಣೆ ಮೂರು ಬಗೆಯದು: ಶಿಸ್ತಿನದು, ದಂಡನೆಯದು, ನಷ್ಟಪರಿಹಾರದ್ದು.

ಮೊದಲನೆಯದು ೧೯೭೨ರ ವಾಸ್ತುಶಿಲ್ಪಿಗಳ ಕಾಯಿದೆಯಿಂದ ಬರುತ್ತದೆ. ಆ ಕಾಯಿದೆಯ ಮೂಲಕ ಸ್ಥಾಪಿತವಾದ ವಾಸ್ತುಶಿಲ್ಪ ಪರಿಷತ್ತು ೧೯೮೯ರಲ್ಲಿ ವೃತ್ತಿ ನಡವಳಿಯ ವಿನಿಯಮಗಳನ್ನು ಹೊರಡಿಸಿತು. ದುರ್ನಡತೆ ಸ್ಥಿರಪಟ್ಟರೆ ಪರಿಷತ್ತು ಛೀಮಾರಿ ಹಾಕಬಹುದು, ವೃತ್ತಿಯಿಂದ ಕೆಲಕಾಲ ದೂರವಿಡಬಹುದು, ನೋಂದಣಿಯ ಪಟ್ಟಿಯಿಂದ ಹೆಸರನ್ನೇ ತೆಗೆದುಹಾಕಬಹುದು. ಎರಡನೆಯದು ಪ್ರಾಣಹಾನಿಯಾದಾಗ ಒದಗುತ್ತದೆ. ೧೯೮೩ರಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡ ಕುಸಿದಾಗ ನೂರಕ್ಕೂ ಹೆಚ್ಚು ಮಂದಿ ಮಡಿದರು. ೨೦೧೯ರ ಮಾರ್ಚಿಯಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡವೊಂದು ಕುಸಿದು ೧೯ ಮಂದಿ ಸತ್ತರು. ಅಂಥ ಪ್ರಸಂಗಗಳಲ್ಲಿ ನಿರ್ಲಕ್ಷ್ಯದಿಂದ ಮರಣವನ್ನುಂಟುಮಾಡಿದ ಅಪರಾಧ ಯಾರದೆಂಬ ಪ್ರಶ್ನೆ ಏಳುತ್ತದೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಪ್ರಕರಣ ಇದಕ್ಕೆ ಸಂಬಂಧಿಸಿದುದು. ಈ ಎರಡೂ ಬಗೆಗಳು ಅವಶ್ಯಕವಾದುವೇ. ಆದರೆ ಇವು ಕೈ ಕಡಿಯುವ ಜಾತಿಗೆ ಸೇರಿದುವು. ಕಣಕಟ್ಟೆಯ ಮನೆಯವರಿಗೆ ಇವುಗಳಿಂದ ತಾರಸಿ ದೊರೆಯುವುದಿಲ್ಲ.

ಮೂರನೆಯ ಬಗೆಯ ಹೊಣೆಗೆ ೧೮೭೨ರ ಭಾರತೀಯ ಕರಾರು ಕಾಯಿದೆಯ ೭೩ನೆಯ ಪ್ರಕರಣ ಮುಖ್ಯಾಧಾರ. ಕರಾರಿನ ಭಂಗದಿಂದ ಸಹಜವಾಗಿ ಉಂಟಾದ ನಷ್ಟವನ್ನೂ, ಕರಾರು ಮಾಡಿಕೊಂಡಾಗಲೇ ಉಂಟಾಗಬಹುದೆಂದು ಉಭಯರಿಗೂ ತಿಳಿದಿದ್ದ ನಷ್ಟವನ್ನೂ ತುಂಬಿಕೊಡಬೇಕೆಂದು ಅದು ವಿಧಿಸುತ್ತದೆ. ‘ಉಭಯರಿಗೂ ತಿಳಿದಿದ್ದ’ ಎಂಬ ಮಾತನ್ನು ವಾಚಕರು ಗಮನಿಸಬೇಕು. “ಮೇಲಂತಸ್ತಿನಲ್ಲಿ ಇಷ್ಟು ಸಾವಿರ ಕಾಯಿ ಇಡಲಾಗುವುದು” ಎಂಬ ಒಂದು ಸಾಲು ಕರಾರುಪತ್ರದಲ್ಲಿದ್ದಿದ್ದರೆ ವಿವಾದದ ಬಹುಭಾಗ ಹುಟ್ಟುತ್ತಲೇ ಇರಲಿಲ್ಲ.

ಕರಾರಿನಲ್ಲಿ ಹಾಗೆ ಬರೆಯದಿದ್ದಾಗ ನಿರ್ಲಕ್ಷ್ಯವನ್ನು ಅಳೆಯುವ ಬಗೆ ಹೇಗೆ? ವೃತ್ತಿನಿರತನು ಸರ್ವಜ್ಞನಾಗಿರಬೇಕೆಂದು ನ್ಯಾಯಾಲಯಗಳು ಅಪೇಕ್ಷಿಸುವುದಿಲ್ಲ. ಆ ವೃತ್ತಿಯ ಸಾಧಾರಣ ಕುಶಲನೊಬ್ಬನು ತೋರುವ ಎಚ್ಚರ ಮತ್ತು ಪರಿಣತಿಗಳನ್ನು ಇವನು ತೋರಿದನೆ ಎಂಬುದೇ ಪರೀಕ್ಷೆ. ಇಂಗ್ಲೆಂಡಿನಲ್ಲಿ ೧೯೫೭ರ ಬೋಲಂ ಮೊಕದ್ದಮೆಯಲ್ಲಿ ನಿರೂಪಿತವಾದ ಈ ಅಳತೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ೨೦೦೫ರಲ್ಲಿ ಜೇಕಬ್ ಮ್ಯಾಥ್ಯೂ ಮೊಕದ್ದಮೆಯಲ್ಲಿ ವಿಸ್ತಾರವಾಗಿ ವಿವೇಚಿಸಿತು. ಎರಡೂ ವೈದ್ಯರಿಗೆ ಸಂಬಂಧಿಸಿದ ಮೊಕದ್ದಮೆಗಳಾದರೂ ತತ್ತ್ವ ಎಲ್ಲ ವೃತ್ತಿಗಳಿಗೂ ಅನ್ವಯಿಸುವಂಥದು. ನಮ್ಮ ನಿದರ್ಶನಕ್ಕೆ ಇದನ್ನು ಹಚ್ಚಿದರೆ ಪ್ರಶ್ನೆ ಸ್ಪಷ್ಟವಾಗುತ್ತದೆ. ತೆಂಗಿನ ಸೀಮೆಯಲ್ಲಿ ಕೆಲಸ ಮಾಡುವ ಸಾಧಾರಣ ಕುಶಲನಾದ ವಾಸ್ತುಶಿಲ್ಪಿ “ಕಾಯಿಯನ್ನು ಎಲ್ಲಿ ಇಡುತ್ತೀರಿ?” ಎಂದು ಕೇಳುತ್ತಿದ್ದನೆ? ಕೇಳುತ್ತಿದ್ದನೆಂದೇ ನಮ್ಮ ಅಭಿಪ್ರಾಯ. ಊರಿನ ಬಾಳುವೆಯನ್ನು ಅರಿಯುವುದೂ ವೃತ್ತಿಯ ಪರಿಣತಿಯ ಒಂದು ಅಂಗ. ಹಾಗೆಂದು ಯಜಮಾನರೂ ಪೂರ್ಣವಾಗಿ ನಿರ್ದೋಷಿಗಳಲ್ಲ. ಸುಲಭವಾಗಿ ಹೇಳಬಹುದಾಗಿದ್ದುದನ್ನು ಹೇಳದೆ ಇದ್ದುದಕ್ಕಾಗಿ ಪರಿಹಾರದ ಮೊತ್ತ ಕಡಮೆಯಾಗುವ ಸಂಭವವುಂಟು.

ದಾವೆಯ ದಾರಿಗಳ ವಿಷಯವಾಗಿಯೂ ಒಂದೆರಡು ಮಾತುಗಳನ್ನು ಹೇಳಬೇಕು. ಗೃಹನಿರ್ಮಾಣವೂ ಒಂದು ‘ಸೇವೆ’ಯೆಂದು ಸರ್ವೋಚ್ಚ ನ್ಯಾಯಾಲಯ ೧೯೯೩ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ತೀರ್ಮಾನಿಸಿತು; ೧೯೯೫ರಲ್ಲಿ ವೈದ್ಯರ ಸೇವೆಯನ್ನು ಗ್ರಾಹಕ ಕಾಯಿದೆಯ ಒಳಗೆ ತಂದಿತು; ೨೦೨೪ರಲ್ಲಿ ವಕೀಲರ ಸೇವೆಯನ್ನು ಅದರ ಹೊರಗೆ ಇಟ್ಟಿತು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರನ್ನು ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಕರಾರು ಭಂಗದ ದಾವೆಗೆ ೧೯೬೩ರ ಕಾಲಮಿತಿ ಕಾಯಿದೆ ಕೊಟ್ಟಿರುವ ಅವಧಿ ಮೂರು ವರ್ಷ. ಈ ಅವಧಿ ಸಾಮಾನ್ಯವಾಗಿ ಕರಾರು ಭಂಗವಾದ ದಿನದಿಂದ ಓಡತೊಡಗುತ್ತದೆ. ಗೋಡೆಯೊಳಗೆ ಅಡಗಿದ್ದು ನಾಲ್ಕನೆಯ ವರ್ಷ ಹೊರಬೀಳುವ ದೋಷಕ್ಕೆ ಇದು ದೊಡ್ಡ ತೊಡಕು. ೨೦೧೬ರ ಸ್ಥಿರಾಸ್ತಿ ಕಾಯಿದೆ ರಚನಾದೋಷಗಳಿಗೆ ಐದು ವರ್ಷಗಳ ಹೊಣೆಯನ್ನು ಹೊರಿಸಿದೆಯಾದರೂ ಆ ಹೊಣೆ ಮಾರಾಟಕ್ಕೆಂದು ಕಟ್ಟಿಸುವ ಪ್ರವರ್ತಕನದು. ತಮ್ಮ ನಿವೇಶನದಲ್ಲಿ ತಾವೇ ಮನೆ ಕಟ್ಟಿಸಿದ ಕಣಕಟ್ಟೆಯ ಯಜಮಾನರಿಗೆ ಅದರಿಂದ ಪ್ರಯೋಜನವಿಲ್ಲ.

೪. ವಿಮೆಯ ಅವಶ್ಯಕತೆ

ಯಜಮಾನರು ದಾವೆಯಲ್ಲಿ ಗೆದ್ದರೆಂದೇ ಇಟ್ಟುಕೊಳ್ಳೋಣ. ೬೦,೦೦೦ ರೂಪಾಯಿ ಸಂಭಾವನೆ ಪಡೆದವನಿಂದ ೧೨ ಲಕ್ಷ ರೂಪಾಯಿ ಬರಬೇಕು. ಎಂದರೆ ನಷ್ಟ ಸಂಭಾವನೆಯ ಇಪ್ಪತ್ತರಷ್ಟು. ವಕೀಲರ, ಲೆಕ್ಕಪರಿಶೋಧಕರ, ವೈದ್ಯರ ವೃತ್ತಿಗಳಂತೆ ಈ ವೃತ್ತಿಯಲ್ಲಿಯೂ ಪ್ರತಿಫಲಕ್ಕೂ ಸಂಭವನೀಯ ಹಾನಿಗೂ ಯಾವ ಪ್ರಮಾಣವೂ ಇಲ್ಲ. ಸಣ್ಣ ಊರಿನ ವಾಸ್ತುಶಿಲ್ಪಿಯ ಬಳಿ ಅಷ್ಟು ಹಣವಿರದಿದ್ದರೆ ತೀರ್ಪು ಕಾಗದದಲ್ಲಿಯೇ ಉಳಿಯುತ್ತದೆ. ಹೊಣೆಯುಂಟು, ಹೊರುವ ಶಕ್ತಿಯಿಲ್ಲ ಎಂಬ ಈ ಸ್ಥಿತಿಗೆ ವಿಮೆಯೇ ಉತ್ತರ.

ವಿಮೆಯ ತಿರುಳು ಸರಳವಾದುದು. ಸಾವಿರ ವಾಸ್ತುಶಿಲ್ಪಿಗಳಲ್ಲಿ ವರ್ಷಕ್ಕೆ ಐವರ ಮೇಲೆ ತಲಾ ೧೨ ಲಕ್ಷ ರೂಪಾಯಿಗಳ ಹೊಣೆ ಬೀಳುವುದೆಂದು ಲೆಕ್ಕಕ್ಕಾಗಿ ಹಿಡಿದರೆ ಒಟ್ಟು ೬೦ ಲಕ್ಷ. ಒಬ್ಬೊಬ್ಬರ ಪಾಲಿಗೆ ೬,೦೦೦ ರೂಪಾಯಿ, ಅದರ ಮೇಲೆ ವಿಮಾ ಸಂಸ್ಥೆಯ ಖರ್ಚು ಮತ್ತು ಲಾಭ. ಒಬ್ಬನನ್ನು ಮುಳುಗಿಸುವ ಭಾರ ಸಾವಿರ ಹೆಗಲುಗಳ ಮೇಲೆ ಹಂಚಿಹೋಗುತ್ತದೆ. ಐವರು ಯಾರೆಂಬುದು ಮೊದಲೇ ತಿಳಿಯದಿರುವುದರಿಂದಲೇ ಈ ಹಂಚಿಕೆಗೆ ಎಲ್ಲರೂ ಒಪ್ಪುತ್ತಾರೆ.

೫. ‘ನಷ್ಟಭರ್ತಿ’ ಎಂಬ ಮಾತಿನ ಎರಡು ಅರ್ಥಗಳು

ಇಲ್ಲಿ ವಿದ್ಯಾರ್ಥಿಗಳಿಗೆ ಗೊಂದಲವನ್ನುಂಟುಮಾಡುವ ಒಂದು ಶಬ್ದವುಂಟು. ಕರಾರು ಕಾಯಿದೆಯ ೧೨೪ನೆಯ ಪ್ರಕರಣದಲ್ಲಿ ನಷ್ಟಭರ್ತಿಯ ಕರಾರೆಂದರೆ ತನ್ನ ಅಥವಾ ಬೇರೊಬ್ಬನ ನಡತೆಯಿಂದ ಎದುರಾಳಿಗೆ ಆಗುವ ನಷ್ಟವನ್ನು ತಾನು ತುಂಬಿಕೊಡುವೆನೆಂಬ ಮಾತು. ವಾಸ್ತುಶಿಲ್ಪಿ ಮನೆಯ ಯಜಮಾನನಿಗೆ ಇಂಥ ಮಾತನ್ನು ಕೊಡಬಹುದು. ವಿಮಾ ಸಂಸ್ಥೆ ವಾಸ್ತುಶಿಲ್ಪಿಗೆ ಕೊಡುವ ಮಾತು ಬೇರೆ: ವೃತ್ತಿಯಲ್ಲಿನ ನಿರ್ಲಕ್ಷ್ಯ, ಪ್ರಮಾದ ಅಥವಾ ಲೋಪದಿಂದ ಕಾನೂನಿನ ಪ್ರಕಾರ ಅವನ ಮೇಲೆ ಬೀಳುವ ಹೊಣೆಯನ್ನು ಇಂತಿಷ್ಟು ಮಿತಿಯವರೆಗೆ ತುಂಬಿಕೊಡುವುದಾಗಿ ಅದು ಒಪ್ಪುತ್ತದೆ.

ಈ ಎರಡು ಮಾತುಗಳ ಅಳತೆ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ವಾಸ್ತುಶಿಲ್ಪಿ ಉತ್ಸಾಹದಿಂದ “ಈ ಮನೆಯಲ್ಲಿ ನೂರು ವರ್ಷ ಒಂದು ಬಿರುಕೂ ಕಾಣದು, ಕಂಡರೆ ಎಲ್ಲವೂ ನನ್ನ ಖರ್ಚು” ಎಂದು ಬರೆದುಕೊಟ್ಟರೆ, ಕಾನೂನು ಹೊರಿಸುವುದಕ್ಕಿಂತ ಹೆಚ್ಚಿನ ಹೊಣೆಯನ್ನು ತಾನಾಗಿ ಹೊತ್ತಂತಾಯಿತು. ಆ ಹೆಚ್ಚಿನ ಭಾಗವನ್ನು ವಿಮಾಪತ್ರಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಜಕಣಾಚಾರಿಯ ಪಣವೂ ಈ ಜಾತಿಯದೇ. ಶಿಲೆಯೊಳಗಿನ ಕಪ್ಪೆಯನ್ನು ಕಾಣದಿರುವುದು ನಿರ್ಲಕ್ಷ್ಯವೆ ಎಂಬುದು ಚರ್ಚಾಸ್ಪದ. ಆದರೆ ಬಲಗೈಯ ಪಣವನ್ನು ಯಾವ ವಿಮಾ ಸಂಸ್ಥೆಯೂ ಒಪ್ಪಿಕೊಳ್ಳುತ್ತಿರಲಿಲ್ಲ.

೬. ವಿಮಾಪತ್ರದ ಸ್ವರೂಪ

ವಾಸ್ತುಶಿಲ್ಪಿಗಳಿಗೂ ಎಂಜಿನಿಯರುಗಳಿಗೂ ಈ ಬಗೆಯ ವಿಮೆಯನ್ನು ನಮ್ಮ ದೇಶದ ಸರ್ಕಾರಿ ಮತ್ತು ಖಾಸಗಿ ಸಾಮಾನ್ಯ ವಿಮಾ ಸಂಸ್ಥೆಗಳು ಮಾರುತ್ತವೆ. ಅದರ ಮುಖ್ಯ ಲಕ್ಷಣಗಳು ನಾಲ್ಕು.

ಮೊದಲನೆಯದು ಕಾಲ. ಬೆಂಕಿ ವಿಮೆಯಲ್ಲಿ ಬೆಂಕಿ ಬಿದ್ದ ದಿನ ಪತ್ರ ಜಾರಿಯಲ್ಲಿದ್ದರೆ ಸಾಕು. ವೃತ್ತಿ ನಷ್ಟಭರ್ತಿ ವಿಮೆಯಲ್ಲಿ ಸಾಮಾನ್ಯವಾಗಿ ಗಣನೆಗೆ ಬರುವುದು ತಪ್ಪು ನಡೆದ ದಿನವಲ್ಲ, ಪರಿಹಾರದ ಕೋರಿಕೆ ಬಂದ ದಿನ. ಜೊತೆಗೆ ಪತ್ರದಲ್ಲಿ ಒಂದು ಪೂರ್ವಾನ್ವಯ ದಿನಾಂಕವಿರುತ್ತದೆ. ಅದಕ್ಕಿಂತ ಹಿಂದಿನ ಕೆಲಸಕ್ಕೆ ರಕ್ಷಣೆಯಿಲ್ಲ. ನಮ್ಮ ನಿದರ್ಶನದಲ್ಲಿ ನಕ್ಷೆ ಮೊದಲನೆಯ ವರ್ಷದ್ದು, ಕೋರಿಕೆ ಆರನೆಯ ವರ್ಷದ್ದು ಎಂದಿರಲಿ. ವಾಸ್ತುಶಿಲ್ಪಿ ಮೊದಲ ವರ್ಷದಿಂದ ನಾಲ್ಕು ವರ್ಷ ಕಂತು ಕಟ್ಟಿ ಐದನೆಯ ವರ್ಷ ನಿಲ್ಲಿಸಿದ್ದರೆ, ಕಟ್ಟಿದ ನಾಲ್ಕು ಕಂತುಗಳೂ ಈ ಪ್ರಸಂಗಕ್ಕೆ ವ್ಯರ್ಥ. ಮೂರನೆಯ ವರ್ಷ ಮೊದಲ ಬಾರಿಗೆ ವಿಮೆ ಮಾಡಿಸಿ ಅಂದಿನಿಂದಲೇ ಪೂರ್ವಾನ್ವಯವನ್ನು ಪಡೆದಿದ್ದರೆ, ಆರನೆಯ ವರ್ಷ ಪತ್ರ ಜಾರಿಯಲ್ಲಿದ್ದರೂ ನಕ್ಷೆ ಅದರ ಹೊರಗೆ. ವೃತ್ತಿಯಿಂದ ನಿವೃತ್ತನಾದವನೂ, ತೀರಿಕೊಂಡವನ ಮನೆಯವರೂ ಕೆಲವು ವರ್ಷಗಳ ಉತ್ತರ ರಕ್ಷಣೆಯನ್ನು ಪ್ರತ್ಯೇಕವಾಗಿ ಪಡೆಯಬೇಕಾಗುವುದು ಈ ಕಾರಣದಿಂದಲೇ. ಕಟ್ಟಡಗಳು ವಾಸ್ತುಶಿಲ್ಪಿಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ.

ಎರಡನೆಯದು ಮಿತಿ. ಒಂದು ಪ್ರಸಂಗಕ್ಕೆ ಇಷ್ಟು, ವರ್ಷಕ್ಕೆಲ್ಲ ಒಟ್ಟು ಇಷ್ಟು ಎಂದು ಎರಡು ಮಿತಿಗಳಿರುತ್ತವೆ. ದಾವೆಯ ಖರ್ಚೂ ಅನೇಕ ವೇಳೆ ಈ ಮಿತಿಯೊಳಗೇ ಸೇರುತ್ತದೆ. ಮಿತಿ ೧೦ ಲಕ್ಷವಾಗಿದ್ದು ದಾವೆಗೆ ೨ ಲಕ್ಷ ವೆಚ್ಚವಾದರೆ ಉಳಿಯುವುದು ೮ ಲಕ್ಷ. ತೀರ್ಪು ೧೨ ಲಕ್ಷಕ್ಕಾದರೆ ೪ ಲಕ್ಷ ವಾಸ್ತುಶಿಲ್ಪಿಯ ತಲೆಯ ಮೇಲೆಯೇ ಇರುತ್ತದೆ. ಇದಲ್ಲದೆ ಪ್ರತಿ ಪ್ರಸಂಗದಲ್ಲಿಯೂ ಅವನು ಭರಿಸಬೇಕಾದ ಸ್ವಂತ ಪಾಲೊಂದು ಇರುವುದುಂಟು.

ಮೂರನೆಯದು ಹೊರಗಿಟ್ಟ ವಿಷಯಗಳು. ಬುದ್ಧಿಪೂರ್ವಕವಾದ ತಪ್ಪು, ವಂಚನೆ, ಅಪರಾಧ, ದಂಡ, ಮೇಲೆ ಹೇಳಿದ ಸ್ವಯಂ ಅಂಗೀಕೃತ ಹೊಣೆ ಇವು ಮುಖ್ಯವಾದುವು. ಹಣ ಕೊಟ್ಟು ಸೆರೆವಾಸದಿಂದ ಬಿಡುಗಡೆ ಪಡೆಯುವಂತಿಲ್ಲವೆಂಬುದು ಇದರ ತಾತ್ಪರ್ಯ.

ನಾಲ್ಕನೆಯದು ವಿಮೆ ಪಡೆದವನ ಕರ್ತವ್ಯಗಳು. ವಿಮೆಯ ಕರಾರು ಪರಮ ವಿಶ್ವಾಸದ ಕರಾರು. ತನಗೆ ತಿಳಿದ ಮಹತ್ವದ ಸಂಗತಿಗಳನ್ನೆಲ್ಲ ಅರ್ಜಿದಾರನು ಮೊದಲೇ ತಿಳಿಸಬೇಕು. ಬಿರುಕಿನ ಸುದ್ದಿ ಬಂದೊಡನೆ ವಿಮಾ ಸಂಸ್ಥೆಗೆ ಬರೆಯಬೇಕು. ಅದರ ಒಪ್ಪಿಗೆಯಿಲ್ಲದೆ ತಪ್ಪನ್ನು ಒಪ್ಪಿಕೊಳ್ಳುವಂತಿಲ್ಲ, ರಾಜಿ ಮಾಡಿಕೊಳ್ಳುವಂತಿಲ್ಲ. ಈ ಕೊನೆಯ ಷರತ್ತು ಸೂಕ್ಷ್ಮವಾದ ನೈತಿಕ ಪ್ರಶ್ನೆಯನ್ನು ಎಬ್ಬಿಸುತ್ತದೆ. ಬಾಗಿದ ತಾರಸಿಯನ್ನು ಕಂಡ ಸಜ್ಜನನೊಬ್ಬನ ಬಾಯಿಂದ ಸಹಜವಾಗಿ ಹೊರಡುವ ಮಾತು “ಕೇಳಬೇಕಾಗಿತ್ತು, ನನ್ನ ತಪ್ಪು” ಎಂಬುದು. ಆ ಮಾತೇ ಮನೆಯವರಿಗೆ ಬರಬೇಕಾದ ಹಣಕ್ಕೆ ಅಡ್ಡಿಯಾಗಬಹುದು. ಕಂಡ ಸಂಗತಿಯನ್ನು ಹೇಳುವುದಕ್ಕೂ, ಮನೆಯವರನ್ನು ಕೂಡಲೆ ಅಪಾಯದಿಂದ ಹೊರತರುವುದಕ್ಕೂ, ಮೇಲಿನ ಭಾರವನ್ನು ಇಳಿಸಿ ಆನಿಕೆ ಕೊಡಿಸುವುದಕ್ಕೂ ಈ ಷರತ್ತನ್ನು ನೆಪವಾಗಿ ಒಡ್ಡಬಾರದು. ಹೊಣೆಯ ಮೊತ್ತವನ್ನು ತಾನೇ ತೀರ್ಮಾನಿಸಬಾರದೆಂಬಷ್ಟಕ್ಕೇ ಅದರ ಅರ್ಥವನ್ನು ಸೀಮಿತಗೊಳಿಸುವುದು ಯುಕ್ತ.

೭. ಒಂದು ಆಕ್ಷೇಪ

ವಿಮೆಯಿದೆಯೆಂಬ ಧೈರ್ಯದಿಂದ ವಾಸ್ತುಶಿಲ್ಪಿ ಅಜಾಗರೂಕನಾಗುವುದಿಲ್ಲವೆ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಸ್ವಂತ ಪಾಲು, ಕೋರಿಕೆ ಬಂದ ಮೇಲೆ ಏರಬಹುದಾದ ಕಂತು, ಪರಿಷತ್ತಿನ ಶಿಸ್ತು, ಊರಿನಲ್ಲಿ ಹೋಗುವ ಹೆಸರು ಇವು ವಿಮೆಯಿಂದ ತಪ್ಪುವುವಲ್ಲ. ಕೈ ಕಡಿಯುವ ಭಯ ಎಷ್ಟು ಬೇಕೋ ಅಷ್ಟು ಉಳಿದೇ ಇರುತ್ತದೆ. ಪ್ರಾಚೀನ ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆಯನ್ನು ವಿಧಿಸಿತು. ಆದರೆ ಅದೇ ಶಾಸನ ಕುಸಿದ ಮನೆಯನ್ನು ಕಟ್ಟಿದವನೇ ತನ್ನ ಖರ್ಚಿನಲ್ಲಿ ಮತ್ತೆ ಕಟ್ಟಿಕೊಡಬೇಕೆಂದೂ ಹೇಳಿತು. ದಂಡನೆ ಮತ್ತು ಭರ್ತಿ ಎರಡೂ ಬೇಕೆಂಬುದು ಅಷ್ಟು ಹಳೆಯ ಅರಿವು.

೮. ವಿಮೆ ತಲುಪದ ಎಡೆಗಳು

ಫ್ರಾನ್ಸಿನಲ್ಲಿ ೧೯೭೮ರ ಶಾಸನದಿಂದ ಕಟ್ಟಡದ ಹತ್ತು ವರ್ಷಗಳ ಹೊಣೆಗೆ ವಿಮೆ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ೧೯೮೮ರ ಮೋಟಾರು ವಾಹನ ಕಾಯಿದೆ ದಾರಿಹೋಕರ ರಕ್ಷಣೆಗಾಗಿ ವಾಹನಗಳಿಗೆ ವಿಮೆಯನ್ನು ಕಡ್ಡಾಯಗೊಳಿಸಿದೆ. ೧೯೭೨ರ ವಾಸ್ತುಶಿಲ್ಪಿಗಳ ಕಾಯಿದೆಯಲ್ಲಿ ಅಂಥ ವಿಧಿಯಿಲ್ಲ. ಪರಿಷತ್ತಿನ ಮಾರ್ಗದರ್ಶಿ ಸೂಚನೆಗಳು ನಷ್ಟಭರ್ತಿ ವಿಮೆಯನ್ನು ಹೇಳುತ್ತವೆಯಾದರೂ ಅದನ್ನು ವಾಸ್ತುಶಿಲ್ಪಿ ಮತ್ತು ಯಜಮಾನರ ಪರಸ್ಪರ ಒಪ್ಪಂದಕ್ಕೆ ಬಿಟ್ಟಿವೆ. ಹೀಗಾಗಿ ಮನೆಯ ಮುಂದೆ ನಿಂತ ಮೋಟಾರು ಬೈಸಿಕಲ್ಲಿಗೆ ವಿಮೆ ಕಡ್ಡಾಯ. ಮನೆಯ ನಕ್ಷೆಗೆ ಇಲ್ಲ.

ಇದಕ್ಕಿಂತ ದೊಡ್ಡ ತೆರವು ಮತ್ತೊಂದುಂಟು. ಕಣಕಟ್ಟೆಯಂಥ ಊರುಗಳಲ್ಲಿ ಎಷ್ಟೋ ಮನೆಗಳು ವಾಸ್ತುಶಿಲ್ಪಿಯಿಲ್ಲದೆ ಮೇಸ್ತ್ರಿಯ ಅನುಭವದ ಮೇಲೆಯೇ ಏಳುತ್ತವೆ. ೧೯೭೨ರ ಕಾಯಿದೆ ‘ವಾಸ್ತುಶಿಲ್ಪಿ’ ಎಂಬ ಹೆಸರನ್ನು ನೋಂದಣಿಯಿಲ್ಲದವರು ಬಳಸಬಾರದೆಂದು ಹೇಳುತ್ತದೆಯೇ ಹೊರತು ಕಟ್ಟಡದ ನಕ್ಷೆ ಮಾಡುವುದನ್ನು ಇತರರಿಗೆ ನಿಷೇಧಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರ ಮಾರ್ಚಿಯಲ್ಲಿ ಮುಕೇಶ್ ಗೋಯಲ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಮೇಸ್ತ್ರಿಯ ಕೈ ಕುಶಲವಾದುದೇ ಇರಬಹುದು. ಹಳೆಯ ಮರದ ಅಟ್ಟದ ಭಾರವನ್ನು ಅವನು ವಾಸ್ತುಶಿಲ್ಪಿಗಿಂತ ಚೆನ್ನಾಗಿಯೇ ಬಲ್ಲನು. ಆದರೆ ಅವನ ಕೆಲಸಕ್ಕೆ ಬರಹದ ಕರಾರಿಲ್ಲ, ಸಹಿ ಮಾಡಿದ ನಕ್ಷೆಯಿಲ್ಲ. ವಿಮೆಗೆ ಮೊದಲು ಬೇಕಾದುದು ಹೆಸರು. ದಾಸೋಜನ ಹೆಸರು ಒಂಬೈನೂರು ವರ್ಷಗಳ ತರುವಾಯವೂ ನಮಗೆ ತಿಳಿದಿದೆ. ಹತ್ತು ವರ್ಷದ ಹಿಂದೆ ಕಟ್ಟಿದ ತಾರಸಿಯ ಲೆಕ್ಕವನ್ನು ಯಾರು ಹಾಕಿದರೆಂಬುದು ಎಷ್ಟೋ ಮನೆಗಳಲ್ಲಿ ಯಾರಿಗೂ ತಿಳಿಯದು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ವ್ಯಕ್ತವಾಗುತ್ತವೆ. ಹೊಣೆ ಪೂರ್ಣವಾಗಬೇಕಾದರೆ ಹೊಣೆಗಾರನ ಹೆಸರು, ತಪ್ಪನ್ನು ಅಳೆಯುವ ಅಳತೆ, ನಷ್ಟವನ್ನು ತುಂಬುವ ಹಣ ಈ ಮೂರೂ ಬೇಕು. ಮೊದಲನೆಯದನ್ನು ನೋಂದಣಿಯೂ ಎರಡನೆಯದನ್ನು ನ್ಯಾಯಾಲಯಗಳೂ ಒದಗಿಸುತ್ತವೆ. ಮೂರನೆಯದನ್ನು ಒದಗಿಸಬಲ್ಲ ಸಾಧನ ವಿಮೆ. ಅದು ಕಡ್ಡಾಯವಾಗುವವರೆಗೆ ಕಾಯಬೇಕಾದ ಕಾರಣವಿಲ್ಲ. ಮನೆ ಕಟ್ಟಿಸುವವರು ಕರಾರಿನಲ್ಲಿ ಪ್ರತಿ ಕೋಣೆಯ ಉಪಯೋಗವನ್ನೂ ಇಡುವ ಭಾರವನ್ನೂ ಬರೆಯಿಸಲಿ; ವಾಸ್ತುಶಿಲ್ಪಿಯ ವಿಮಾಪತ್ರವನ್ನು ಕೇಳಿ, ಅದರ ಮಿತಿಯನ್ನೂ ಪೂರ್ವಾನ್ವಯ ದಿನಾಂಕವನ್ನೂ ನೋಡಲಿ; ಕಟ್ಟಡ ಮುಗಿದ ಬಳಿಕ ಎಷ್ಟು ವರ್ಷ ಅದನ್ನು ಮುಂದುವರಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಲಿ. ವಾಸ್ತುಶಿಲ್ಪವನ್ನು ಕಲಿಯುವ ವಿದ್ಯಾರ್ಥಿಗಳು ಭಾರದ ಕೋಷ್ಟಕಗಳೊಡನೆ ಆ ಭಾರವನ್ನು ಹೇರುವ ಜನರ ಕಸುಬನ್ನೂ ಕೇಳಿ ತಿಳಿಯಲಿ. ಕಣಕಟ್ಟೆಯ ಮನೆಯಲ್ಲಿ “ಕಾಯಿಯನ್ನು ಎಲ್ಲಿ ಇಡುತ್ತೀರಿ?” ಎಂಬ ಪ್ರಶ್ನೆಗೆ ಖರ್ಚೇನೂ ಆಗುತ್ತಿರಲಿಲ್ಲ.